ಕಾಲು ಸೋಕಿದ ಬಟ್ಟೆ

ಯುಕ್ರೇನಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಮಗ ಹೇಳಿದಾಗ ನಾನೇನೂ ಕೂಗಾಡಲಿಲ್ಲ. ಮುಖ ಗಂಟುಹಾಕಿಕೊಂಡೇ ಒಪ್ಪಿದೆ. ಅಂಧೇರಿಯಲ್ಲಿ ಇಬ್ಬರದೂ ಒಂದೇ ಆಫೀಸು. ಯುದ್ಧದ ದೆಸೆಯಿಂದ ಹುಡುಗಿಯ ತಾಯಿಗೆ ಮದುವೆಗೆ ಬರಲಾಗಲಿಲ್ಲ. ಬದಲಿಗೆ, ತಾನೇ ಕಸೂತಿ ಹಾಕಿದ ಉದ್ದನೆಯ ಬಿಳಿ ಬಟ್ಟೆಯೊಂದನ್ನು ಕಳಿಸಿದ್ದಳು. ತುದಿಗಳಲ್ಲಿ ಕೆಂಪು ದಾರದ ಹೂವು, ಹಕ್ಕಿ. ಅದನ್ನು ಹಾಸಿ, ಅದರ ಮೇಲೆ ನಿಂತು ಮದುವೆಯಾಗುವುದು ಅವರ ಪದ್ಧತಿ.

ಮಾಟುಂಗದ ಚಿಕ್ಕ ಹಾಲ್‌ನಲ್ಲಿ ತಾಳಿ ಕಟ್ಟಿದ ಮೇಲೆ ಇಬ್ಬರೂ ಅದರ ಮೇಲೆ ನಿಂತರು. ಯಾರು ಮೊದಲು ಕಾಲಿಡುತ್ತಾರೋ ಮನೆಯಲ್ಲಿ ಅವರದೇ ಯಜಮಾನಿಕೆಯಂತೆ. ಅವಳು ನಗುತ್ತಾ ಚಂಗನೆ ಮೊದಲು ಕಾಲಿಟ್ಟಳು.

"ಮುಗೀತಲ್ಲೇ ಅಕ್ಕ ನಿನ್ ದರ್ಬಾರು!" ಎಂದಳು ನನ್ನ ತಂಗಿ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಾತ್‌ರೂಮಿನ ಬಾಗಿಲಿಗೆ ಹಾಸಿದೆ. ಕಾಲಲ್ಲಿ ತುಳಿದದ್ದನ್ನು ಬೀರುವಿನಲ್ಲಿಡುವುದು ನಮ್ಮಲ್ಲಿ ಉಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಹೊಟ್ಟೆಕಿಚ್ಚಿಗೆ ಮಡಿಯೊಂದು ನೆಪ.

ಊಟ ಮುಗಿಸಿ ಕೈ ತೊಳೆಯಲು ಹೋದ ಸೊಸೆ ಅದನ್ನು ಕಂಡಳು. ಒದ್ದೆ ಬಟ್ಟೆಯನ್ನು ಎತ್ತಿ ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಏನಮ್ಮಾ ಇದು! ಇದನ್ನ ಅವರು ಸಾಯೋವರ್ಗೂ ಜೋಪಾನ ಮಾಡ್ತಾರೆ!" ಮಗ ಕಿರುಚಿದ.

"ತುಳಿದ ಬಟ್ಟೆ ಅಲ್ವೇನೋ? ನಂಗೇನು ಗೊತ್ತು?"

"ನಿನ್ನೆ ಹೊಸ್ತಿಲಲ್ಲಿ ಅವಳ ಕೈಲಿ ಸೇರಕ್ಕಿ ಒದೆಸಿದ್ಯಲ್ಲ, ಅದನ್ನ ಕಸಕ್ಕೆ ಹಾಕಿದ್ಯಾ? ಇವತ್ತು ಅನ್ನ ಮಾಡಿ ನೀನೇ ಬಡಿಸ್ದೆ!"

ನಾನು ಅಡುಗೆಮನೆಗೆ ಹೋಗಿ ಮಿಕ್ಕ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದೆ.

ಸಂಜೆ ಬೀಗಿತ್ತಿಯ ವೀಡಿಯೋ ಕಾಲ್ ಬಂತು. ಅವರ ಭಾಷೆಯಲ್ಲಿ ತಾಯಿ ಏನೋ ಕೇಳಿದಳು, ಮಗಳು ನಗುನಗುತ್ತಾ ಉತ್ತರಿಸಿದಳು. ಆಮೇಲೆ ತನ್ನ ಹರಕುಮುರುಕು ಹಿಂದಿಯಲ್ಲಿ ನನಗೆ ತಿಳಿಸಿದಳು. ಬಟ್ಟೆ ಎಲ್ಲಿ ಎಂದು ಅಮ್ಮ ಕೇಳುತ್ತಿದ್ದಾಳೆ, ಅತ್ತೆ ಅದನ್ನು ದೇವರ ಮುಂದೆ ಇಟ್ಟಿದ್ದಾರೆ ಎಂದು ಹೇಳಿದ್ದೇನೆ.

"ಆಪ್ ಬಸ್ ಹಾಂ ಬೋಲೋ," ಎಂದು ಫೋನನ್ನು ನನ್ನತ್ತ ತಿರುಗಿಸಿದಳು.

ಮನೆಯೊಳಗೂ ಕೋಟು ಹಾಕಿಕೊಂಡು ಕುಳಿತ ಹೆಂಗಸು. ನನ್ನದೇ ವಯಸ್ಸು. ನಾನು ತಲೆಯಾಡಿಸಿ ಹಾಂ ಎಂದೆ. ಆಕೆ ಕಣ್ಣೊರೆಸಿಕೊಂಡು, ಯಾರಿಂದ ಕಲಿತಳೋ, ನನಗೆ ಎರಡೂ ಕೈ ಎತ್ತಿ ಮುಗಿದಳು. ಥೂ, ಎಂಥ ಜನ್ಮ ನನ್ನದು ಅನ್ನಿಸಿತು.

ಫೋನ್ ಇಟ್ಟ ಸೊಸೆ ನನ್ನ ಮುಖವನ್ನೂ ನೋಡದೆ ಎದ್ದು ಹೋದಳು. ಒಂದು ಮಾತು ಬೈದಿದ್ದರೆ ನಾನೂ ಒಂದು ಮಾತು ಬೈದು, ಅತ್ತು, ಹಗುರಾಗುತ್ತಿದ್ದೆ. ಅವಳು ಬೈಯಲೇ ಇಲ್ಲ. ಈಗ ಅವರದು ಅಂಧೇರಿಯಲ್ಲಿ ಬೇರೆ ಮನೆ. ಆ ಬಟ್ಟೆ ಅಲ್ಲಿ ಯಾವ ಬೀರುವಿನಲ್ಲಿದೆ ಎಂದು ಕೇಳುವ ಧೈರ್ಯ ನನಗಿಲ್ಲ. ಬೀಗಿತ್ತಿ ಮಾತ್ರ ಪ್ರತಿ ಹಬ್ಬಕ್ಕೂ ನನಗೆ ಫೋನ್ ಮಾಡಿ, ಮಾತು ಬಾರದೆ, ಕೈ ಮುಗಿಯುತ್ತಾಳೆ.