ಏಳು ಗಂಟೆ ಬಾರಿಸಬಾರದು

ಆ ಕಟ್ಟಡದವರು ಅವಳಿಗೆ ಗಂಟೆಯಕ್ಕ ಎಂದು ಹೆಸರಿಟ್ಟದ್ದು ಗೇಲಿಗೆ. ಅವಳು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದಳು. ಅವಳ ಕೆಲಸ ವಿದ್ಯುತ್ ಕಚೇರಿಯಲ್ಲಿ, ದೂರಿನ ಫೋನು ಎತ್ತುವುದು. ಕರೆಂಟು ಹೋದರೆ ಜನರಿಗೆ ಬಯ್ಯುವುದಕ್ಕೆ ಒಂದು ಕಿವಿ ಬೇಕಲ್ಲ, ಆ ಕಿವಿ ಇವಳದು. ತಂತಿ ಕಡಿಯುವುದು ಗಾಳಿ, ಬೈಸಿಕೊಳ್ಳುವುದು ಇವಳು. ತಿರುಗಿ ಒಂದು ಮಾತಾಡುವಂತಿಲ್ಲ.

ಮನೆಗೆ ಬಂದು ಕೈಕಾಲು ತೊಳೆದರೂ ಬೈಗುಳ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಯಾರೋ ಒಬ್ಬ ತಲೆಯೊಳಗೆ ಅವಳ ಹುಟ್ಟನ್ನೇ ಎತ್ತಿ ಆಡುತ್ತಿದ್ದ. ಜೊತೆಗಿದ್ದ ತಮ್ಮ ಉಪ್ಪು ಕೇಳಿದರೂ ಸಿಡುಕುತ್ತಿದ್ದಳು. ಆಗಲೇ ಗುಜರಿ ಅಂಗಡಿಯಲ್ಲಿ ಆ ಕಂಚಿನ ಗಂಟೆ ಕಂಡದ್ದು. ಅದರ ನಾಲಿಗೆ ಕಳಚಿಹೋಗಿತ್ತು. ಇದೂ ತನ್ನ ಹಾಗೇ ಎಂದುಕೊಂಡು ಬೆರಳ ಗೆಣ್ಣಿನಿಂದ ತಟ್ಟಿದಳು. ನಾದ ನಿಲ್ಲುವವರೆಗೆ ಬೀದಿಯಲ್ಲೇ ನಿಂತಳು. ಎಷ್ಟೋ ದಿನದ ಮೇಲೆ ತಲೆಯೊಳಗೆ ಯಾರೂ ಮಾತಾಡಲಿಲ್ಲ. ಗಂಟೆಯನ್ನು ಕೊಂಡು ಮನೆಗೆ ತಂದಳು.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಕೆಲಸ ಮುಗಿಸಿ ಬಂದವಳು ಕೋಣೆಯ ಮೂಲೆ ಮೂಲೆಯಲ್ಲೂ ನಿಂತು, ಮರದ ಸೌಟಿನ ಹಿಡಿಯಿಂದ ಬಾರಿಸತೊಡಗಿದಳು. ಅವಸರವಿಲ್ಲ. ಒಂದು ಏಟು ಹಾಕಿ, ನಾದ ಸಣ್ಣಗಾಗಿ, ಇದೆಯೋ ಇಲ್ಲವೋ ಎನ್ನುವಷ್ಟಾಗಿ, ಪೂರಾ ಇಲ್ಲವಾದ ಮೇಲೆ ಇನ್ನೊಂದು. ಆ ಇಲ್ಲವಾಗುವುದಕ್ಕೆ ಕಿವಿಗೊಟ್ಟು ನಿಂತರೆ ಎದೆ ಹಗುರಾಗುತ್ತಿತ್ತು. ದೇವರು ಬಂದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಬೈದವರು ಮಾತ್ರ ಎದ್ದು ಹೋಗುತ್ತಿದ್ದರು.

ಕೆಳಗಿನ ಮನೆಯಲ್ಲಿದ್ದ ಕಟ್ಟಡದ ಮಾಲೀಕರಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ದಿನ ಮೆಟ್ಟಿಲ ಗೋಡೆಗೆ ಚೀಟಿ ಅಂಟಿಸಿದರು: "ಸಂಜೆ ಏಳು ಗಂಟೆ ಬಾರಿಸಬಾರದು. ತಪ್ಪಿದರೆ ಮನೆ ಖಾಲಿ." ಏಳು ಗಂಟೆಗೆ ಗಂಟೆ ಎಂದು ಎರಡು ಸಲ ಬರೆಯುವುದಕ್ಕೆ ಮಹಾನುಭಾವರಿಗೆ ಶಾಯಿ ಸಾಲಲಿಲ್ಲವೋ ಏನೋ.

ತಮ್ಮನ ಜೀವ ಬಾಯಿಗೆ ಬಂತು. "ಅಕ್ಕ, ಮನೆ ಬಿಡಿಸಿದ್ರೆ ಎಲ್ಲಿಗೆ ಹೋಗೋಣ? ಅದನ್ನ ಎತ್ತಿಟ್ಬಿಡು."

"ಸರಿಯಾಗಿ ಓದೋ. ಏಳು ಗಂಟೆ ಬಾರಿಸ್ಬಾರದು ಅಂತಿದೆ. ನನ್ನ ಹತ್ರ ಇರೋದು ಒಂದೇ."

"ತಮಾಷೆ ಮಾಡೋ ಹೊತ್ತಾ ಇದು?"

"ಅಲ್ಲ ಕಣೋ. ಮನೆ ಹೋದ್ರೆ ಇನ್ನೊಂದು ಹುಡುಕ್ಬಹುದು. ನನ್ನ ತಲೆ ಕೆಟ್ರೆ ಎಲ್ಲಿ ಹುಡುಕ್ತೀಯ?"

ಅಂದು ಸಂಜೆಯೂ ಬಾರಿಸಿದಳು. ಎರಡನೆಯ ಮೂಲೆಗೆ ಬರುವಷ್ಟರಲ್ಲಿ ಮಾಲೀಕರು ದಡದಡ ಮೆಟ್ಟಿಲು ಹತ್ತಿ ಬಂದರು. ಅವರೊಡನೆ ಮಾತುಕತೆಯೆಲ್ಲ ತಮ್ಮನದು. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುವುದು ಬಿಟ್ಟರೆ ಅವಳು ಅವರ ದನಿಯನ್ನೂ ಸರಿಯಾಗಿ ಕೇಳಿರಲಿಲ್ಲ.

"ಕಿವೀಲಿ ಹತ್ತಿ ತುರ್ಕೊಂಡಿದ್ದೀಯೇನಮ್ಮ? ಮನುಷ್ಯರಿಗೆ ಹೇಳಿದ್ರೆ ಅರ್ಥ ಆಗುತ್ತೆ, ನಿಮ್ಮಂಥವರಿಗೆ..."

ಗಂಟೆಯಕ್ಕ ಸೌಟು ಹಿಡಿದ ಕೈ ಇಳಿಸಿ ತಲೆ ವಾರೆ ಮಾಡಿ ಕೇಳಿದಳು. ಆ ದನಿಯ ಗುರುತು ಅವಳಿಗೆ ಚೆನ್ನಾಗಿ ಹತ್ತಿತು. ಮೈ ಉರಿದುಹೋಯಿತು.

"ಹೋದ ವಾರ ಗಾಳಿಗೆ ಕರೆಂಟು ಹೋದಾಗ ದೂರು ಕೊಡೋಕೆ ಫೋನ್ ಮಾಡಿದ್ರಿ ಅಲ್ವಾ ಸಾರ್? ಎತ್ತಿದವಳು ನಾನೇ. ನನ್ನ ತಾಯಿ ಎಂಥವಳು ಅಂತ ಆವತ್ತು ನೀವೇ ವಿವರವಾಗಿ ಹೇಳಿದ್ರಿ. ಈ ಗಂಟೆ ಇರೋದೇ ಅಂಥದ್ದನ್ನ ತೊಳ್ಕೊಳ್ಳೋಕೆ. ನೀವು ಬಯ್ಯೋದು ನಿಲ್ಸಿ, ನಾನು ಬಾರಿಸೋದು ನಿಲ್ಲಿಸ್ತೀನಿ."

ಮಾಲೀಕರ ಮುಖ ಕಪ್ಪಿಟ್ಟಿತು. ಆದರೂ ಜಂಬ ಬಿಡಲಿಲ್ಲ. "ನಾಳೇನೇ ಮನೆ ಖಾಲಿ ಮಾಡಿ," ಎಂದರು.

ಅಷ್ಟು ಹೊತ್ತೂ ಬಾಗಿಲ ಹಿಂದೆ ಕೈ ಮುಗಿದುಕೊಂಡು ನಿಂತಿದ್ದ ತಮ್ಮ ಮುಂದೆ ಬಂದ. ಅಕ್ಕನ ಕೈಯಿಂದ ಗಂಟೆ, ಸೌಟು ಎರಡನ್ನೂ ತೆಗೆದುಕೊಂಡ.

"ಆಕೆ ನನಗೂ ತಾಯಿ ಸಾರ್," ಎಂದ. "ಮಾಡ್ತೀವಿ ಖಾಲಿ. ಅಲ್ಲೀವರೆಗೆ ಬಾರಿಸ್ತೀವಿ."

ಮತ್ತು ಅವರ ಮುಖದೆದುರೇ ಬಾರಿಸಿದ.