ನವ್ಯಾ ಎಳೆದ ಗೆರೆಗಳು

ನಮ್ಮವರು, ಮಧ್ವರಾಜ ರಾಯರು, ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ನಕ್ಷೆ ಬರೆದವರು. ಗೆರೆ ಎಳೆಯುವುದರಲ್ಲಿ ಎತ್ತಿದ ಕೈ. ನಿವೃತ್ತಿಯಾದ ಮೇಲೆ ಭಾಗವತ ಕೇಳಿಕೊಂಡು, ನನಗೆ ಕರಿಬೇವು ಬಿಡಿಸಿಕೊಟ್ಟುಕೊಂಡು ಇರುತ್ತಾರೆ ಎಂದುಕೊಂಡಿದ್ದೆ. ಅವರು ಹಿಡಿದದ್ದು ಪ್ಲಾಸ್ಟಿಕ್ ಬೊಂಬೆ ಜೋಡಿಸುವ ಹುಚ್ಚು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇವರಿಗೆ ಅರವತ್ತು ತುಂಬಿ ನಿವೃತ್ತಿಯಾದ ಮಾರನೆಯ ದಿನವೇ ಶುರುವಾಗಿತ್ತು.

ಡಬ್ಬಿಯೊಳಗೆ ಬಿಡಿ ತುಂಡುಗಳು ಬರುತ್ತವೆ. ವಿಮಾನವೋ, ಟ್ಯಾಂಕೋ, ಗೇಣುದ್ದದ ಯಂತ್ರಮಾನವನೋ. ಕತ್ತರಿಸಿ, ಉಜ್ಜಿ, ಒಂದಕ್ಕೊಂದು ಒತ್ತಿ ಕೂರಿಸಬೇಕು. ಬೊಂಬೆಯ ಮೈಮೇಲೆಲ್ಲ ತಗಡಿಗೆ ತಗಡು ಸೇರಿದ ಹಾಗೆ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ. ಆ ಗೀರುಗಳಿಗೆ ಮಸಿ ತುಂಬಲೆಂದೇ ಬೇರೆ ಮಾರ್ಕರ್‌ಗಳಿವೆ. ತುಂಬುವ ತನಕ ಅದು ಆಟದ ಸಾಮಾನು. ತುಂಬಿ, ಹೆಚ್ಚಾದದ್ದನ್ನು ಒರೆಸಿದರೆ ನಿಜವಾದ ಯಂತ್ರ ಎದ್ದು ನಿಂತಂತೆ ಕಾಣುತ್ತದೆ. ಬೈದುಕೊಂಡೇ ಆದರೂ ಇದನ್ನು ನಾನು ಒಪ್ಪಿಕೊಂಡಿದ್ದೇನೆ.

ಇಂಥ ಹುಚ್ಚಿನವರು ಏಳೆಂಟು ಮಂದಿ ಭಾನುವಾರ ಬೆಸೆಂಟ್ ನಗರದ ಒಬ್ಬರ ಮನೆ ಮಹಡಿಯಲ್ಲಿ ಸೇರುತ್ತಾರೆ. ನವ್ಯಾ ಇವರಿಗೆ ಸಿಕ್ಕಿದ್ದು ಅಲ್ಲಿ. ಮಂಡ್ಯದ ಕಡೆಯ ಹುಡುಗಿ, ಇಪ್ಪತ್ತಾರು ವರ್ಷ, ಕಾರಿನ ಕಂಪನಿಯೊಂದರಲ್ಲಿ ಇಂಜಿನಿಯರ್. ತಾಯಿ ಸಾಕಮ್ಮನನ್ನು ಕರೆತಂದು ನಮ್ಮ ಪಕ್ಕದ ಬೀದಿಯಲ್ಲೇ ಬಾಡಿಗೆಗಿದ್ದಳು. ಗೆರೆ ತುಂಬುವುದನ್ನು ಇವರ ಹತ್ತಿರವೇ ಕಲಿತಳು. "ಜಯಾ, ಆ ಪೊಣ್ಣು ಕೈ ನೋಡು, ಅಚ್ಚು ಹಾಕಿದ ಹಾಗೆ" ಎಂದು ಮನೆಗೆ ಬಂದು ಆ ಹುಡುಗಿಯನ್ನು ತಮಿಳು ಬೆರೆತ ಮಾತಿನಲ್ಲಿ ಹೊಗಳುತ್ತಿದ್ದರು. ನನ್ನ ಅಡುಗೆಯನ್ನು ಅವರು ಒಮ್ಮೆಯೂ ಹಾಗೆ ಹೊಗಳಿದ್ದಿಲ್ಲ.

ಜುಲೈಯಲ್ಲಿ ಅವಳಿಗೆ ಡೆಂಗ್ಯೂ ಬಂತು. ಆರನೆಯ ದಿನ ಹೋಗಿಬಿಟ್ಟಳು.

ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಇರುವಾಗ ಸಾಕಮ್ಮ ಚಪ್ಪಲಿ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದರು. ಒಳಗೆ ನವ್ಯಾ ಅರ್ಧ ಮಾಡಿಟ್ಟ ಬಿಳಿಯ ಯಂತ್ರಮಾನವ.

"ಅಮಾಸೆಗೆ ಎಡೆ ಮಡಗ್ಬೇಕು ಸಾರ್. ನಮ್ ಕಡೆ, ಹೋದೋರ್ಗೆ ಏನ್ ಇಷ್ಟ್ವೋ ಅದ್ನೆಲ್ಲ ಮಡಗ್ತೀವಿ. ಇದು ಅರ್ದಂಬರ್ದ ಆಗದೆ. ನನ್ ಕೈಲಿ ನೋಡಕ್ಕೂ ಆಗ್ದೆ ಡಬ್ಬ ಮುಚ್ಚೇ ಮಡಗಿದ್ದೆ. ನೀವೇ ಮುಗ್ಸಿಕೊಡಿ. ಎಡೆ ಆದ್ಮೇಲೆ ಇದ್ನ ತಕೊಂಡು ಊರ್ಗೋಯ್ತೀನಿ."

ಇವರು ತಿರುಗಿಸಿ ನೋಡಿದರು. "ಎಡಗಡೆ ಪೂರಾ ಅವಳೇ ಮುಗಿಸಿದ್ದಾಳೆ. ಬಲಗಡೆ ಅಷ್ಟೇ ಬಾಕಿ. ಶರಿ, ನಾನು ಮಾಡಿಕೊಡ್ತೀನಿ."

"ಬಣ್ಣ ಗಿಣ್ಣ ಹೊಡೀಬ್ಯಾಡಿ ಸಾರ್. ಅವ್ಳು ಮುಟ್ಟಿರದು ಹಂಗೇ ಇರ್ಲಿ" ಎಂದರು ಸಾಕಮ್ಮ.

ಆಕೆಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಮೂರು ತಿಂಗಳಿಂದ ಇವರ ಬಲಗೈ ನಡುಗುತ್ತಿತ್ತು. ಊಟದ ಎಲೆಯ ಮುಂದೆ ತುತ್ತು ಅಲ್ಲಾಡುವುದನ್ನು ಕಂಡು ಕೇಳಿದರೆ, "ಒಣ್ಣುಮಿಲ್ಲೆ, ಕೈ ಮರತ್ತುಪೋಚು" ಎಂದಿದ್ದರು, ಏನಿಲ್ಲ, ಮರಗಟ್ಟಿದೆ ಅಷ್ಟೇ ಎಂದು ತಮಿಳಿನಲ್ಲಿ. ಮರಗಟ್ಟಿದ ಕೈ ಹೀಗೆ ಕುಣಿಯುತ್ತದೆಯೇ? ಡಾಕ್ಟರ ಹತ್ತಿರ ಹೋಗೋಣವೆಂದರೆ ಸಿಡುಕುತ್ತಿದ್ದರು. ಗೆರೆ ಎಳೆದೇ ಬದುಕಿದ ಮನುಷ್ಯ. ಕೈ ಹೋಯಿತೆಂದು ಒಪ್ಪಿಕೊಳ್ಳಲು ಅವರಿಗೆ ಹೆದರಿಕೆ.

ಸಣ್ಣ ಮೊನೆಯ ಮಾರ್ಕರ್ ಹಿಡಿದರೆ ಗೆರೆ ಸೊಟ್ಟಗಾಗುತ್ತದೆ. ಆದರೆ ಹರಿಯುವ ಮಸಿಯ ಇನ್ನೊಂದು ಜಾತಿಯ ಮಾರ್ಕರ್ ಇದೆ. ಗೀರಿನ ಒಂದು ತುದಿಗೆ ಮುಟ್ಟಿಸಿದರೆ ಸಾಕು, ಮಸಿ ತಾನೇ ಓಡುತ್ತದೆ. ಕೈ ನಡುಗಿದರೂ ನಡೆಯುತ್ತದೆ. ಅದಕ್ಕೆ ಮೊದಲು ಬೊಂಬೆಗೆ ವಾರ್ನಿಶ್ ಹೊಡೆದಿರಲೇಬೇಕು. ಬರಿಯ ಪ್ಲಾಸ್ಟಿಕ್ಕಿಗೆ ಮುಟ್ಟಿಸಿದರೆ ಬಿಗಿಯಾಗಿ ಕೂತ ಸಂದುಗಳಿಗೆ ಇಳಿದು ಸೀಳಿಬಿಡುತ್ತದೆ. ಭಾನುವಾರದ ಗುಂಪಿಗೆಲ್ಲ ಈ ಪಾಠ ಹೇಳಿದವರೇ ಇವರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸಾಕಮ್ಮ ಬೇಡವೆಂದ ಮೇಲೆ ವಾರ್ನಿಶ್ ಹೊಡೆಯುವಂತಿಲ್ಲ, ಸಣ್ಣ ಮೊನೆ ಹಿಡಿಯಲಾಗುವುದಿಲ್ಲ, ಆಗುವುದಿಲ್ಲವೆಂದು ಬಾಯಿಬಿಟ್ಟು ಹೇಳಲಾಗುವುದಿಲ್ಲ. ಒಂದಿಷ್ಟೇ ಹಾಕಿದರೆ ಏನೂ ಆಗದೆಂದುಕೊಂಡು ಹರಿಯುವ ಮಸಿಯನ್ನೇ ಬಲ ಎದೆಗೆ ಮುಟ್ಟಿಸಿದರು.

ರಾತ್ರಿಯೆಲ್ಲ ಮಸಿ ಬೊಂಬೆಯ ಎದೆಯೊಳಗೆ ಇಳಿದು ಎಡಕ್ಕೆ ಹರಿದಿತ್ತು. ಬೆಳಗ್ಗೆ ಕಾಫಿ ಕೊಡಲು ಹೋದಾಗ ಇವರು ಮೇಜಿನ ಮುಂದೆ ಕುಕ್ಕರಿಸಿದ್ದರು. ಬೊಂಬೆಯ ಎದೆ ಸೀಳಿತ್ತು. ನವ್ಯಾ ಗೆರೆ ತುಂಬಿದ್ದ ಎಡಗೈ ಭುಜದ ಹತ್ತಿರ ಮೂರು ಚೂರಾಗಿ ಬಿದ್ದಿತ್ತು.

"ಅಂಟು ಹಾಕಿ" ಎಂದೆ.

"ಮುಟ್ಟಿದರೆ ಪುಡಿಯಾಗುತ್ತೆ, ಜಯಾ. ಆ ತಾಯಿಗೆ ಏನು ಹೇಳಲಿ?"

ಹೊಸದೊಂದು ತಂದು ಜೋಡಿಸಿ ಕೊಡೋಣ, ಆಕೆಗೇನು ಗೊತ್ತಾಗುತ್ತದೆ ಎಂದವಳು ನಾನೇ. ಇವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅದೇ ಬೊಂಬೆಯ ಹೊಸ ಡಬ್ಬಿ ತಂದರು. ಬಲಗಡೆಗೆ ವಾರ್ನಿಶ್ ಹೊಡೆದು, ಹರಿಯುವ ಮಸಿಯಲ್ಲಿ ಚೆಂದವಾಗಿ ಮುಗಿಸಿದರು. ಎಡಗಡೆ ಮಾತ್ರ ನವ್ಯಾ ಎಳೆದ ಹಾಗೇ ಸಣ್ಣ ಮೊನೆಯಲ್ಲೇ ಆಗಬೇಕೆಂದು ಹಟ. ಅವರ ಮಣಿಕಟ್ಟನ್ನು ನಾನು ಎರಡು ಕೈಯಲ್ಲಿ ಹಿಡಿದು ಕೂತೆ. ಆದರೂ ಗೆರೆ ಗೀರು ಬಿಟ್ಟು ಆಚೀಚೆ ಹೋಯಿತು. ಒರೆಸಿದೆವು, ಪೂರ್ತಿ ಹೋಗಲಿಲ್ಲ. ಈ ಕೈಯೇ ನನ್ನ ಜೀವಮಾನದ ಅನ್ನ ಎಂದು ನೆನೆದು ನನಗೆ ಅಳು ಬಂತು.

ಅಮಾವಾಸ್ಯೆಯ ದಿನ ಇವರು ತರ್ಪಣ ಮುಗಿಸಿದ ಮೇಲೆ ಸಾಕಮ್ಮನ ಮನೆಗೆ ಹೋದೆವು. ಗೋಡೆಯ ಪಕ್ಕ ಬಾಳೆ ಎಲೆ, ಒಬ್ಬಟ್ಟು, ಕೋಳಿ ಸಾರು, ಮಡಿಸಿಟ್ಟ ಹಸಿರು ಕುರ್ತಾ, ನವ್ಯಾಳ ಫೋಟೊ. ಕೋಳಿ ಸಾರಿನ ವಾಸನೆಗೆ ನಾನು ಮೂಗಿಗೆ ಸೆರಗು ಹಿಡಿಯಲಿಲ್ಲ. ಅಷ್ಟು ಮರ್ಯಾದೆ ನನಗೂ ಗೊತ್ತು. ಸಾಕಮ್ಮ ಬೊಂಬೆಯನ್ನು ಫೋಟೊ ಮುಂದೆ ಇಟ್ಟು ಕೈಮುಗಿದರು. ಆಮೇಲೆ ಮತ್ತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆ ನೋಡಿದರು, ಎಡಗಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಅಕ್ಕಾ, ನನ್ ಮಗಳು ರಂಗೋಲಿ ಬಿಟ್ರೆ ಒಂದ್ ಎಳೆ ಅಲ್ಲಾಡ್ತಿರ್ಲಿಲ್ಲ" ಎಂದರು ನನಗೆ. "ಇಲ್ಲಿ ಎಡಗಡೆ ನೋಡಿ, ಹೆಂಗ್ ನಡುಗ್ಬುಟ್ಟದೆ ಕೈ. ಜರ ಬಂದಿದ್ರೂ ನಂಗೆ ಹೇಳ್ದೆ ಕೂತ್ಕೊಂಡು ಬರ್ದವ್ಳೆ. ಪಕ್ಕದಾಗೇ ಇದ್ನಲ್ಲಾ, ನೋಡ್ಲೇ ಇಲ್ವಲ್ಲಾ ನಾನು! ಒಂದ್ ದಿನ ಮುಂಚೆ ಆಸ್ಪತ್ರೆಗೆ ಕರ್ಕೊಂಡೋಗಿದ್ರೆ ಉಳ್ಕೊತಿದ್ಲು." ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರು.

ನಾನು ಓಡಿ ಹಿಡಿದುಕೊಂಡೆ. ಇವರಿಗೆ ಕಣ್ಣಲ್ಲೇ ಸುಮ್ಮನಿರಿ ಎಂದೆ. ಇವರು ಸುಮ್ಮನಿರಲಿಲ್ಲ.

"ಸಾಕಮ್ಮಾ, ಅದು ನವ್ಯಾ ಕೈ ಅಲ್ಲ. ನನ್ನ ಕೈ." ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಅದು ನಡುಗುತ್ತಿತ್ತು. "ಅವಳು ಮಾಡಿದ್ದನ್ನ ನಾನು ಒಡೆದುಬಿಟ್ಟೆ. ಇದು ಬೇರೆ ತಂದು ಮಾಡಿದ್ದು. ಅವಳ ಗೆರೆ ಎಲ್ಲಾ ನೇರವಾಗೇ ಇತ್ತು, ನನ್ನನ್ನ ನಂಬಿ. ನಿಮ್ಮ ತಪ್ಪು ಏನೂ ಇಲ್ಲ."

ಸಾಕಮ್ಮ ಬೈಯುತ್ತಾರೆ, ಬೊಂಬೆಯನ್ನು ಮುಖಕ್ಕೆ ಎಸೆಯುತ್ತಾರೆ ಎಂದುಕೊಂಡೆ. ಆಕೆ ಇವರ ಕೈಯನ್ನೇ ನೋಡಿದರು. ಉಸಿರು ನಿಧಾನವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಹಂಗಾರೆ ನನ್ ಮಗಳು ಬರ್ದಿದ್ದು ಎಲ್ಲದೆ ಸಾರ್?"

"ಮನೆಯಲ್ಲೇ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೀನಿ. ಚೂರಾಗಿದೆ. ಗೆರೆ ಮಾತ್ರ ಹಾಗೇ ಇದೆ."

"ಚೂರಾದ್ರೂ ಆಯ್ತದೆ. ಕೊಡಿ ಸಾರ್, ಅದ್ನೇ ಮಡಗ್ತೀನಿ. ಎಡೆ ಇನ್ನೂ ಎತ್ತಿಲ್ಲ" ಎಂದು ಸಾಕಮ್ಮ ಎದ್ದರು. ಇವರೂ ಎದ್ದರು. ಎಷ್ಟೋ ದಿನದಿಂದ ಬಗ್ಗಿದ್ದ ಇವರ ಬೆನ್ನು ಅವತ್ತು ನೆಟ್ಟಗಾಗಿತ್ತು.

ನನಗೆ ಏಳಲು ಆಗಲಿಲ್ಲ. ಆ ಗಂಟನ್ನು ನೋಡಿ ನೋಡಿ ಇವರು ಎಲ್ಲಿ ಬಾಯಿಬಿಡುತ್ತಾರೋ ಎಂದು ಹೆದರಿ, ಸೋಮವಾರ ಕಾರ್ಪೊರೇಷನ್ ಕಸದ ಗಾಡಿ ಬಂದಾಗ ಇವರಿಗೂ ಹೇಳದೆ ನಾನೇ ಹಾಕಿಬಿಟ್ಟಿದ್ದೆ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು.