ತಾಯಿಪಾಲು

ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಶಿವಶಂಕರಪ್ಪನವರ ಮೂರಂತಸ್ತಿನ ಕಾಂಪ್ಲೆಕ್ಸ್ ಇದೆ. ಅಲ್ಲಿ ಕಸ ಗುಡಿಸುವ ಸೀತಕ್ಕನನ್ನು ಊರಿನ ಹೆಂಗಸರು ಹುಡುಕಿಕೊಂಡು ಬರುವುದು ಕಸದ ವಿಷಯಕ್ಕಲ್ಲ, ಕೋಳಿಯ ವಿಷಯಕ್ಕೆ. ಅವಳ ಕೈಗುಣ ಅಂಥದು. ಅವಳು ಕಾವಿಗೆ ಕೂರಿಸಿದ ಕೋಳಿ ಒಂದು ಮೊಟ್ಟೆಯನ್ನೂ ಕೆಡಿಸುವುದಿಲ್ಲ ಎಂದು ಮಾತು. ಹಾಗಾಗಿ ಅಕ್ಕಪಕ್ಕದ ಮನೆಯವರು ತಮ್ಮ ಕೋಳಿಗೂ ಅವಳ ಕೈಯಿಂದಲೇ ಕಾವಿನ ಮೊಟ್ಟೆ ಇಡಿಸುತ್ತಿದ್ದರು. ಕೂಲಿಗೆ ಅಂತ ಅವಳು ಏನೂ ಕೇಳುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ.

ಅವಳ ತವರು ಮೆಣಸೆ. ಕೂಲಿ ಮಾಡುವ ತಾಯಿ ಮಗಳಿಗೆ ಕೊಟ್ಟಿದ್ದು ಈ ಕೋಳಿ ವಿದ್ಯೆ ಒಂದನ್ನೇ. ಗೂಡಿನಿಂದ ಮೊಟ್ಟೆ ತೆಗೆಯುವಾಗ ಎಲ್ಲವನ್ನೂ ಬಾಚಿಕೊಳ್ಳಬಾರದು, ಒಂದನ್ನು ಬಿಡಬೇಕು. ಗೂಡು ಬರಿದಾದರೆ ಕೋಳಿ ಮರುದಿನ ಅಲ್ಲಿಗೆ ಬಾರದೆ ಯಾವುದೋ ಪೊದೆಯಲ್ಲಿ ಮೊಟ್ಟೆ ಇಡುತ್ತದೆ. ಹಾಗೆ ಬಿಡುವ ಮೊಟ್ಟೆಗೆ ಅವರ ಮನೆಯಲ್ಲಿ 'ತಾಯಿಪಾಲು' ಎಂದು ಹೆಸರು. ಲಾಭಕ್ಕೆ ಹುಟ್ಟಿದ ಲೆಕ್ಕಾಚಾರವೇ ಇದು, ಆದರೆ ಅಮ್ಮ ಹೇಳುತ್ತಿದ್ದ ರೀತಿಯಲ್ಲಿ ಅದು ಲೆಕ್ಕಾಚಾರವಾಗಿ ಕೇಳುತ್ತಿರಲಿಲ್ಲ. "ಬರಿ ಗೂಡು ನೋಡಿದ್ರೆ ಅದ್ರ ಹೊಟ್ಟೆ ಉರಿಯಲ್ವ ಕೂಸೆ?" ಎನ್ನುತ್ತಿದ್ದಳು. ಎಳೆಯ ಮನಸ್ಸಿಗೆ ಬಿದ್ದ ಮಾತು ಸುಲಭಕ್ಕೆ ಹೋಗುತ್ತದೆಯೇ?

ಕಾಂಪ್ಲೆಕ್ಸಿನ ಪಾರಿವಾಳಗಳಿಗೆ ಸುಖಕ್ಕೇನೂ ಕಡಿಮೆ ಇರಲಿಲ್ಲ. ಕೆಳಗೆ ದಿನಸಿ ಅಂಗಡಿಯವರು ಚೆಲ್ಲುವ ಅಕ್ಕಿ, ಎದುರಿಗೆ ಬಸ್ಸಿಗೆ ಕಾಯುವವರು ಪುಣ್ಯ ಬರಲಿ ಎಂದು ಎಸೆಯುವ ಮಂಡಕ್ಕಿ. ಪುಣ್ಯ ಬಸ್ ಹತ್ತಿ ಹೋಗುತ್ತಿತ್ತು, ಹಿಕ್ಕೆ ಮಾತ್ರ ಸೀತಕ್ಕನ ಪಾಲಿಗೆ ಉಳಿಯುತ್ತಿತ್ತು. ಅವಳು ಬೈದುಕೊಂಡೇ ಉಜ್ಜುತ್ತಿದ್ದಳು. ಹಕ್ಕಿಗಳ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ.

ಆದರೆ ಮೇಲಿನ ಅಂತಸ್ತಿನಲ್ಲಿ ವಾಸವಾಗಿದ್ದ ಶಿವಶಂಕರಪ್ಪನವರ ಹೆಂಡತಿ ವನಜಮ್ಮನಿಗೆ ಕೆಮ್ಮು ಹಿಡಿಯಿತು. ಶಿವಮೊಗ್ಗದ ಡಾಕ್ಟರು ಪಾರಿವಾಳದ ಧೂಳು ಒಳ್ಳೆಯದಲ್ಲ ಎಂದರು. ಬಲೆಯವರನ್ನು ಕರೆಸಿ ಹಿಡಿಸಿಬಿಡುತ್ತೇನೆ ಎಂದು ಶಿವಶಂಕರಪ್ಪ ಹೊರಟರು. ಹೆಂಡತಿ ಉಸಿರಿಗೆ ಒದ್ದಾಡುವುದನ್ನು ದಿನವೂ ನೋಡುವ ಮನುಷ್ಯ, ಅವರದು ತಪ್ಪು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ತಡೆದವರು ಪಶು ಡಾಕ್ಟರ್ ಅನಿತಾ. ಅದೇ ಕಾಂಪ್ಲೆಕ್ಸಿನಲ್ಲಿ ಬಾಡಿಗೆಗಿದ್ದರು.

"ಹಿಡ್ಕೊಂಡು ಹೋದ್ರೆ ಬೇರೆ ಕಡೆಯಿಂದ ಬರ್ತವೆ ಸರ್. ಮುಂದಿನ ದೀಪಾವಳಿವರೆಗೆ ನಂಗೆ ಟೈಮ್ ಕೊಡಿ. ಒಂದನ್ನೂ ಸಾಯಿಸದೆ ಕಮ್ಮಿ ಮಾಡ್ಬಹುದು."

"ದೀಪಾವಳಿ ಕಳೆದ್ಮೇಲೂ ಹಿಂಗೇ ಇದ್ರೆ?"

"ಆಮೇಲೆ ನಾನು ಅಡ್ಡ ಬರಲ್ಲ."

ಉಪಾಯ ಸರಳವಾಗಿತ್ತು. ತಾರಸಿಯ ಮೇಲೆ ಪೆಟ್ಟಿಗೆಗಳನ್ನಿಟ್ಟು ಪಾರಿವಾಳಗಳು ಅಲ್ಲೇ ಗೂಡು ಕಟ್ಟುವಂತೆ ಮಾಡುವುದು. ಮೊಟ್ಟೆ ಇಟ್ಟ ಕೂಡಲೇ ಎರಡನ್ನೂ ತೆಗೆದು, ಅವುಗಳ ಜಾಗದಲ್ಲಿ ಎರಡು ಮರದ ಮೊಟ್ಟೆ ಇಡುವುದು. ಹಕ್ಕಿ ಅದರ ಮೇಲೆ ಕಾವು ಕೂತು ಕೂತು ಬೇಸತ್ತು ಏಳುತ್ತದೆ. ಇದ್ದವು ತಮ್ಮ ಆಯಸ್ಸು ಬದುಕುತ್ತವೆ, ಹೊಸವು ಬರುವುದಿಲ್ಲ. ಮಂಚದ ಕಾಲು ಕಡೆಯುವ ಆಚಾರಿ ಬುಟ್ಟಿ ತುಂಬ ಮೊಟ್ಟೆ ಕಡೆದು ಬಿಳಿ ಬಣ್ಣ ಬಳಿದು ಕೊಟ್ಟ. ಆಚಾರಿ ಮೊಟ್ಟೆ ಇಡಲು ಶುರು ಮಾಡಿದ್ದಾನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಸಾಕಷ್ಟು ಗೋಳು ಹುಯ್ದುಕೊಂಡರು.

ಇಡುವ ಕೆಲಸ ಯಾರಿಗೆ? ಕೈಗುಣದ ಸೀತಕ್ಕನಿಗೇ.

ಮೊದಲ ಪೆಟ್ಟಿಗೆಗೆ ಕೈ ಹಾಕಿದಾಗ ಹಕ್ಕಿ ರೆಕ್ಕೆಯಿಂದ ಬಡಿಯಿತು. ಅವಳು ಒಂದು ಮೊಟ್ಟೆ ತೆಗೆದು ಮರದ್ದನ್ನು ಇಟ್ಟಳು. ಎರಡನೆಯದನ್ನು ಮುಟ್ಟಿದಳು. ಬೆಚ್ಚಗಿತ್ತು. ಕೈ ಅಲ್ಲೇ ನಿಂತಿತು. ಅಷ್ಟು ವರ್ಷ ಯಾವ ಗೂಡಿನಲ್ಲೂ ಮಾಡದ ಕೆಲಸವನ್ನು ಈ ಮೂಕಪ್ರಾಣಿಗೆ ಮಾಡುವುದೇ ಅನ್ನಿಸಿತು. ಒಂದು ಇರಲಿ, ಒಂದರಿಂದ ಎಂತ ಆಗುತ್ತದೆ ಎಂದುಕೊಂಡು ಕೈ ಹಿಂದೆ ತೆಗೆದಳು. ಮುಂದಿನ ಪೆಟ್ಟಿಗೆಯಲ್ಲೂ ಹಾಗೆಯೇ ಮಾಡಿದಳು. ಆಮೇಲೆ ಅದೇ ರೂಢಿಯಾಯಿತು.

ಸಂಜೆ ಅನಿತಾ ಚಹಾದ ಲೋಟ ಕೈಗಿಟ್ಟು ಕೇಳಿದರು: "ಎಲ್ಲ ಇಟ್ರಾ ಸೀತಕ್ಕ?"

"ಎಲ್ಲ ಗೂಡಿಗೂ ಇಟ್ಟೆ ಅಮ್ಮ."

ಸುಳ್ಳಲ್ಲ. ನಿಜವೂ ಅಲ್ಲ. ಅವರು ಮೆಟ್ಟಿಲು ಹತ್ತಿ ನೋಡಲಿಲ್ಲ. ಸೀತಕ್ಕನ ಮೇಲೆ ಅಷ್ಟು ನಂಬಿಕೆ.

ಒಂದೇ ಮರಿ ಇದ್ದಲ್ಲಿ ತಂದೆತಾಯಿ ಎರಡೂ ಅದಕ್ಕೇ ಉಣಿಸುತ್ತವೆ. ಮರಿಗಳು ಗುಂಡುಗುಂಡಾಗಿ ಬೆಳೆದವು. ಹೊಸ ಹಕ್ಕಿ ರೆಕ್ಕೆ ಬಿಚ್ಚಿದಾಗಲೆಲ್ಲ ಸೀತಕ್ಕನಿಗೆ ಒಳಗೊಳಗೇ ಹಿಗ್ಗು. ಮರದ ಮೊಟ್ಟೆ ಅಷ್ಟು ಇಟ್ಟಿದ್ದೇನಲ್ಲ, ಡಾಕ್ಟರಮ್ಮನ ಕೆಲಸವೂ ಆಯಿತು, ತಾಯಿಪಾಲೂ ಉಳಿಯಿತು ಎಂದುಕೊಂಡಿದ್ದಳು.

ದೀಪಾವಳಿ ಕಳೆಯಿತು. ಅನಿತಾ ಶಿವಶಂಕರಪ್ಪನವರ ಜೊತೆ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಹಕ್ಕಿಗಳು ಮೊದಲಿನಷ್ಟೇ ಇದ್ದವು, ಹೆಚ್ಚಾಗಿದ್ದರೂ ಇರಬಹುದು. ಮೇಲಿನಿಂದ ವನಜಮ್ಮನ ಕೆಮ್ಮು ಕೇಳುತ್ತಿತ್ತು.

"ಎಲ್ಲಿ ತಪ್ಪಾಯ್ತೋ ಗೊತ್ತಾಗ್ತಿಲ್ಲ ಸರ್," ಎಂದರು.

ಶಿವಶಂಕರಪ್ಪ ರೇಗಲಿಲ್ಲ. "ನಾನು ಕಾಯೋಷ್ಟು ಕಾದೆ ಡಾಕ್ಟ್ರೆ. ಇನ್ನಾಗದಿಲ್ಲ ಮಾರಾಯ್ರೆ."

ಸೀತಕ್ಕ ಪೊರಕೆ ಹಿಡಿದು ಪಕ್ಕದಲ್ಲೇ ಇದ್ದಳು. ಬಾಯಿ ಬಿಡಬೇಕಾದ ಹೊತ್ತು ಅದೇ. ತನ್ನಿಂದಲೇ ಹೀಗಾಯಿತು, ಇನ್ನೊಂದು ವರ್ಷ ಕೊಡಿ ಎಂದಿದ್ದರೆ ಆ ಮನುಷ್ಯ ಗೊಣಗಿಕೊಂಡಾದರೂ ಕೊಡುತ್ತಿದ್ದರೇನೋ. ಕೆಲಸ ಹೋದೀತೆಂಬ ಹೆದರಿಕೆ ಅವಳಿಗಿರಲಿಲ್ಲ. ಅಕ್ಕ ಎಂದು ಕರೆದು ಚಹಾ ಕೊಟ್ಟವರ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಬಲೆಯವರು ಬೆಳಗಾಗುವ ಮುಂಚೆಯೇ ಬಂದು, ಗೂಡಿನಲ್ಲಿದ್ದ ಹಕ್ಕಿಗಳನ್ನು ಚೀಲಕ್ಕೆ ತುಂಬಿ ವ್ಯಾನಿಗೆ ಹಾಕಿದರು. ಚೀಲಗಳು ಒಳಗಿನಿಂದ ಅಲುಗಾಡುತ್ತಿದ್ದವು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ತಾರಸಿ ತೊಳೆಯಲು ಹೋದ ಸೀತಕ್ಕನಿಗೆ ಕಂಡಿದ್ದು ಪೆಟ್ಟಿಗೆಗಳಲ್ಲಿ ಉಳಿದ ಮರಿಗಳು. ಪೆಟ್ಟಿಗೆಗೊಂದು ಮರಿ, ಪಕ್ಕದಲ್ಲೊಂದು ಮರದ ಮೊಟ್ಟೆ.

ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಗಂಜಿಯ ತಿಳಿ ಬಿಟ್ಟಳು, ಅವಲಕ್ಕಿ ಅರೆದು ಕೊಟ್ಟಳು. ತಾಯಿಯ ಬಾಯಿಂದಲೇ ಉಣ್ಣಬೇಕಾದ ಮರಿಗಳು ಅವಳ ಬೆರಳಿಗೆ ಬಾಯಿ ತೆರೆಯಲಿಲ್ಲ. ಕೈಗುಣ ಅಲ್ಲಿ ನಡೆಯಲಿಲ್ಲ. ಒಂದೊಂದನ್ನೇ ಹಿತ್ತಿಲಿನಲ್ಲಿ ಮಣ್ಣು ಮಾಡುವಾಗ, ಮೊಟ್ಟೆಯಲ್ಲೇ ಹೋಗಿದ್ದರೆ ಇವಕ್ಕೆ ಇಷ್ಟು ನೋವು ಇರುತ್ತಿರಲಿಲ್ಲ ಎಂದು ಅತ್ತಳು.

ಆಗಲೂ ಅವಳು ಹೇಳಲಿಲ್ಲ. ಹೇಳಿದ್ದು, ಒಂದು ದಿನ ಮಾತಿನ ನಡುವೆ ಅನಿತಾ ಹೀಗೆಂದಾಗ: "ಕೊಪ್ಪದಲ್ಲೂ ಒಂದು ಬಿಲ್ಡಿಂಗ್‌ನವ್ರು ಕೇಳಿದ್ರು ಸೀತಕ್ಕ. ಮರದ ಮೊಟ್ಟೆಯಿಂದ ಏನೂ ಆಗಲ್ಲ, ನಾವು ಮಾಡಿ ನೋಡಿದೀವಿ ಅಂದ್ಬಿಟ್ಟೆ."

ಸೀತಕ್ಕ ಪೊರಕೆ ಕೆಳಗಿಟ್ಟಳು. "ಹಂಗೆ ಹೇಳ್ಬ್ಯಾಡಿ ಅಮ್ಮ. ನಾನು ಒಂದೊಂದೇ ತೆಗ್ದಿದ್ದು. ಇನ್ನೊಂದನ್ನ ಬಿಟ್ಟೆ."

"ಯಾಕೆ?"

"ಗೂಡು ಬರಿದಾಗ್ಬಾರ್ದು ಅಂತ."

ಅನಿತಾ ಬೈಯಲಿಲ್ಲ. ಬೈದಿದ್ದರೆ ಸೀತಕ್ಕನಿಗೆ ಹಗುರವಾಗುತ್ತಿತ್ತು. "ಬರಿದೆಲ್ಲಿ ಆಗ್ತಿತ್ತು ಸೀತಕ್ಕ? ಮರದ್ದು ಎರಡು ಇರ್ತಿತ್ತಲ್ಲ," ಎಂದಷ್ಟೇ ಹೇಳಿ ಫೋನು ತೆಗೆದುಕೊಂಡು ಆಚೆ ಹೋದರು. ಕೊಪ್ಪದವರು ಆಗಲೇ ಬಲೆಯವರನ್ನು ಕರೆಸಿ ಮುಗಿಸಿದ್ದರು.

ಮನೆಗೆ ಬಂದಾಗ ಅವಳ ಹೇಟೆ ಕೋಳಿ ಮೊಟ್ಟೆ ಇಟ್ಟು ಎದ್ದು ಹೋಗಿತ್ತು. ಸೀತಕ್ಕ ಗೂಡಿನಲ್ಲಿದ್ದ ಅಷ್ಟೂ ಮೊಟ್ಟೆಗಳನ್ನು ತೆಗೆದಳು, ತಾಯಿಪಾಲನ್ನೂ ಬಿಡಲಿಲ್ಲ. ತಾರಸಿಯಿಂದ ತಂದಿದ್ದ ಮರದ ಮೊಟ್ಟೆಯೊಂದನ್ನು ಅಲ್ಲಿಟ್ಟು, ಮರುದಿನ ಕೆಲಸಕ್ಕೆ ಹೋಗದೆ ಕಾದು ಕೂತಳು. ಹೇಟೆ ಎಂದಿನ ಹೊತ್ತಿಗೆ ಬಂತು. ತಲೆ ಓರೆ ಮಾಡಿ ನೋಡಿತು. ಮರದ ಮೊಟ್ಟೆಯನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡು, ಗರಿ ಬಿಡಿಸಿ, ನೆಮ್ಮದಿಯಾಗಿ ಕೂತಿತು.

ಎರಡೂ ಮರದ್ದೇ ಆಗಿದ್ದರೂ ಪಾರಿವಾಳ ಹೀಗೇ ಕೂರುತ್ತಿತ್ತು.